ಕಾರಿನ ಹಿಂದಿನ ಗಾಜಿನಲ್ಲಿರುವ ಹೆಸರು

ಊರಿನವರೇ ಸೇರಿ ಮಾಡುವ ಹಬ್ಬ ಅಂದಮೇಲೆ ಪೋಸ್ಟರ್ ಬೇಕು, ಬ್ಯಾನರ್ ಬೇಕು, ಟೀ ಶರ್ಟ್ ಮೇಲೆ ಹಾಕಲು ಒಂದು ಗುರುತು ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋರೈಡರ್ ಕಾರುಗಳ ಹಬ್ಬ ಮಾಡುವವರಿಗೂ ಇದೇ ಕೆಲಸ. ಆದರೆ ಅಲ್ಲಿ ಡಿಸೈನ್ ಮಾಡುವವರು ಹೊಸದಾಗಿ ಗುರುತು ಹುಡುಕುತ್ತಾ ಕೂರಬೇಕಿಲ್ಲ. ಅದು ಆಗಲೇ ಕಾರಿನ ಮೇಲಿದೆ. ಹೇಗೆ ಬಂತು ಅನ್ನುವುದು ಮಾತ್ರ ಗೊತ್ತಿರಬೇಕು.

ಲೋರೈಡರ್ ಅಂದರೆ ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗಿಸಿದ ಕಾರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಮೆಕ್ಸಿಕನ್ ಮೂಲದ ಯುವಕರು ಹಳೇ ಕಾರು ಕೊಂಡು, ಡಿಕ್ಕಿಗೆ ಮರಳಿನ ಚೀಲ ತುಂಬಿ, ಸ್ಪ್ರಿಂಗ್ ಕತ್ತರಿಸಿ ತಗ್ಗಿಸತೊಡಗಿದರು. ಬೇರೆ ಹುಡುಗರಿಗೆ ವೇಗದ ಹುಚ್ಚು. ಇವರು ಮಾತ್ರ ಬೇಕಂತಲೇ ನಿಧಾನ ಹೋದರು. ನಾಲ್ಕು ಜನ ನೋಡಲಿ ಅಂತ.

ಸರ್ಕಾರವೂ ನೋಡಿತು. ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ಕೆಳಗೆ ಇಳಿಯುವ ಹಾಗೆ ಮಾರ್ಪಾಡು ಮಾಡಬಾರದು ಎಂಬ ಕಾನೂನು 1958ರಲ್ಲಿ ಜಾರಿಗೆ ಬಂತು. ಮರುವರ್ಷವೇ ರಾನ್ ಅಗಿರ್ರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಸ್ವಿಚ್ ಒತ್ತಿದರೆ ಕಾರು ಮೇಲೆ, ಇನ್ನೊಮ್ಮೆ ಒತ್ತಿದರೆ ಕೆಳಗೆ. ಪೊಲೀಸರು ಬಂದಾಗ ಏರಿಸು, ಹೋದಮೇಲೆ ಇಳಿಸು! ಇಂದು ಹಬ್ಬಗಳಲ್ಲಿ ಜನ ಕೇಕೆ ಹಾಕಿ ನೋಡುವ ಕಾರಿನ ಕುಣಿತಕ್ಕೆ ಮೂಲ ಈ ಪಂಪುಗಳೇ.

ಇನ್ನು ಅಕ್ಷರಗಳ ವಿಷಯ. ನನಗೆ ಹೆಚ್ಚು ಹಿಡಿಸಿದ್ದು ಇದೇ.

ಲೋರೈಡರ್ ಕ್ಲಬ್ಬಿನ ಕಾರಿನ ಹಿಂದಿನ ಗಾಜಿನೊಳಗೆ ಒಂದು ಲೋಹದ ಫಲಕ ಇರುತ್ತದೆ. ಕ್ಲಬ್ಬಿನ ಹೆಸರನ್ನೇ ಅಚ್ಚು ಹೊಯ್ದು, ಮೇಲೆ ಕ್ರೋಮ್ ಹಚ್ಚಿದ ಫಲಕ. ಎಷ್ಟೋ ಕ್ಲಬ್ಬುಗಳು ಬಳಸುವುದು ಕೋನ ಕೋನವಾದ, ದಪ್ಪ ಕಡ್ಡಿಯ ಹಳೇ ಇಂಗ್ಲಿಷ್ ಅಕ್ಷರ. ಪದವಿ ಪ್ರಮಾಣಪತ್ರಗಳಲ್ಲಿ ಕಾಣುವ ಜಾತಿಯದು. 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯ ಹೆಸರು ಇರುವುದೂ ಅದರಲ್ಲೇ. ಪೂರ್ವ ಲಾಸ್ ಏಂಜಲೀಸಿನ ಹುಡುಗರು ಗೋಡೆಯ ಮೇಲೆ ತಮ್ಮ ಕೇರಿಯ ಹೆಸರು ಬರೆಯುವಾಗಲೂ ಇದೇ ಅಕ್ಷರ ಹಿಡಿದರು. ಪೇಪರಿನಲ್ಲಿ ನಮ್ಮ ಹೆಸರು ಮರ್ಯಾದೆಯಿಂದ ಬರದಿದ್ದರೆ, ಪೇಪರಿನ ಅಕ್ಷರದಲ್ಲೇ ನಾವೇ ಬರೆದುಕೊಳ್ಳುತ್ತೇವೆ ಅಂದಹಾಗೆ ನನಗೆ ಕೇಳುತ್ತದೆ. ಸುದ್ದಿ ಬರೆಯುವವನಾಗಿ ಇದು ಸ್ವಲ್ಪ ಚುಚ್ಚುತ್ತದೆ ಕೂಡ.

ಬಣ್ಣದ್ದೂ ದೊಡ್ಡ ಕತೆ, ಒಂದೇ ಹೇಳುತ್ತೇನೆ. ಇಂಪೀರಿಯಲ್ಸ್ ಕ್ಲಬ್ಬಿನ ಜೆಸ್ಸಿ ವಲಾಡೆಸ್ ಅವರ 1964ರ ಇಂಪಾಲಾ ಕಾರು 'ಜಿಪ್ಸಿ ರೋಸ್'. ಗುಲಾಬಿ ಬಣ್ಣದ ಮೈತುಂಬ ಕೈಯಲ್ಲಿ ಬರೆದ ಗುಲಾಬಿ ಹೂಗಳು. 2017ರಲ್ಲಿ ಅದನ್ನು ವಾಷಿಂಗ್ಟನ್‌ಗೆ ಒಯ್ದು, ರಾಜಧಾನಿಯ ನಡುವಿನ ಮೈದಾನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು.

ಈ ಕಾರುಗಳ ಬಗ್ಗೆ ಬರೆಯುವವರಿಲ್ಲ ಅನ್ನಿಸಿದಾಗ ಸ್ಯಾನ್ ಹೋಸೆ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1977ರಲ್ಲಿ 'ಲೋರೈಡರ್' ಎಂಬ ಮಾಸಿಕ ಶುರುಮಾಡಿದರು. ಅದು ನಾಲ್ಕು ದಶಕ ದಾಟಿ ನಡೆಯಿತು.

ಆದರೂ ಊರೂರಲ್ಲಿ ನಿಷೇಧ ಬಂತು. ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಸುತ್ತಿದರೆ ದಂಡ! ನ್ಯಾಷನಲ್ ಸಿಟಿ ಎಂಬ ಪಟ್ಟಣದಲ್ಲಿ ಇದು 1992ರಿಂದ 2023ರವರೆಗೆ ಇತ್ತು. ಕೊನೆಗೆ 2024ರ ಜನವರಿ 1ರಿಂದ ಇಡೀ ರಾಜ್ಯದಲ್ಲಿ ಇಂಥ ನಿಷೇಧಗಳು ಹೋದವು. ಅವುಗಳ ಜೊತೆಗೆ 1958ರ ಆ ಎತ್ತರದ ನಿಯಮವೂ ಹೋಯಿತು.

ಇಷ್ಟು ಗೊತ್ತಿದ್ದವರು ಪೋಸ್ಟರ್ ಮಾಡಲು ಕೂತರೆ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಯಾವುದೋ ಫಾಂಟ್ ಎತ್ತಿ ಹಾಕಲಾರರು. ಕಾರಿಗೆ ಗೆರೆ ಎಳೆಯುವ ಪೇಂಟರ್ ಅದೇ ಊರಿನಲ್ಲಿ ಇರುತ್ತಾರೆ, ಅವರ ಕೈಯಲ್ಲೇ ಅಕ್ಷರ ಬರೆಸಬಹುದು. ಹಿನ್ನೆಲೆಗೆ ಕಾರಿನದೇ ಬಣ್ಣ ಸಾಕು. ಒಂದು ಎಚ್ಚರ ಮಾತ್ರ ಬೇಕು. ಕ್ಲಬ್ಬಿನ ಫಲಕದ ಫೋಟೊವನ್ನು ಕೇಳದೆ ಹಾಕುವಂತಿಲ್ಲ. ಅದು ಕಾರಿನ ಮಾಲೀಕರದೂ ಅಲ್ಲ. ಸದಸ್ಯರು ಕ್ಲಬ್ ಬಿಟ್ಟರೆ ಕಾರು ಅವರ ಮನೆಗೆ ಹೋಗುತ್ತದೆ, ಫಲಕ ಮಾತ್ರ ವಾಪಸ್ ಕೊಡಬೇಕು ಎಂಬುದು ಎಷ್ಟೋ ಕ್ಲಬ್ಬುಗಳಲ್ಲಿ ಇರುವ ಕಟ್ಟಳೆ.