ಅಳಿಸಿಹೋಗದ ಚಕ್ರವ್ಯೂಹ

ಈ ಹಳೆಯ ಆಟದ ಯಂತ್ರದ ಪರದೆಯ ಗಾಜನ್ನು ಸ್ವಲ್ಪ ಓರೆಯಾಗಿ ನೋಡಿ. ಕರೆಂಟು ಇಲ್ಲದಿದ್ದರೂ ಪ್ಯಾಕ್‌-ಮ್ಯಾನ್ ಆಟದ ಓಣಿಗಳು ಮಾಸಲಾಗಿ ಕಾಣುತ್ತವೆ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿ ತಂದ ಈ ಆಟದಲ್ಲಿ ಓಡಾಡುವುದು ಹಳದಿ ಬಾಯಿ ಮತ್ತು ದೆವ್ವಗಳು. ನೀಲಿ ಗೋಡೆಗಳು ಕದಲುವುದಿಲ್ಲ. ವರ್ಷಗಟ್ಟಲೆ ಎಲೆಕ್ಟ್ರಾನುಗಳ ಹೊಡೆತ ಅದದೇ ಜಾಗಕ್ಕೆ ಬಿದ್ದು ಒಳಗಿನ ಫಾಸ್ಫರ್ ಲೇಪ ಸವೆದುಹೋಗಿದೆ.

ಇಂಥ ಸವೆದ ಪಿಕ್ಚರ್ ಟ್ಯೂಬಿಗೆ ಅಮೆರಿಕದ ರಿಪೇರಿಗಾರರು ಬದಲಿ ಹುಡುಕುವುದು ಹಳೆಯ ಟಿವಿಯೊಳಗೆ. ಆಟದ ಪರದೆ, ಟಿವಿ ಎರಡೂ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುವ ಒಂದೇ ಜಾತಿಯವು. 19 ಇಂಚಿನ ಅಳತೆಯ ಜೊತೆಗೆ ಕುತ್ತಿಗೆಯ ದಪ್ಪ, ಹಿಂದಿನ ಪಿನ್ನುಗಳ ಜೋಡಣೆಯೂ ಹೊಂದಬೇಕು. ಟಿವಿಯ ತಾಮ್ರದ ಸುರುಳಿ, ಅಂದರೆ ಯೋಕ್, ಒಗ್ಗದಿದ್ದರೆ ಆಟದ ಹಳೆಯ ಟ್ಯೂಬಿನದನ್ನೇ ಬಿಚ್ಚಿ ತೊಡಿಸುತ್ತಾರೆ. ಆಮೇಲೆ ಶುರು ನಿಜವಾದ ಫಜೀತಿ: ಕಾಂತದ ಉಂಗುರಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕೆಂಪು, ಹಸಿರು, ನೀಲಿ ಗೆರೆಗಳನ್ನು ಒಂದರ ಮೇಲೊಂದು ಕೂರಿಸಬೇಕು.

ಟ್ಯೂಬಿನ ಬೆನ್ನಮೇಲಿನ ರಬ್ಬರ್ ಟೋಪಿಯನ್ನು ಗಮನಿಸಿ. ಅದರಡಿ ಇರುತ್ತಿದ್ದುದು ಸುಮಾರು 20,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಟ್ಯೂಬು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತಂತಿ ತಾಗಿಸಿ ಇಳಿಸದೆ ಅನುಭವಸ್ಥರು ಕೈಯಿಡುವುದಿಲ್ಲ.

ಟಿವಿಯಲ್ಲಿ ಅಡ್ಡಲಾಗಿದ್ದ ಟ್ಯೂಬು ಇಲ್ಲಿ ಮಗ್ಗುಲು ಬದಲಿಸಿ ನೆಟ್ಟಗೆ ನಿಲ್ಲುತ್ತದೆ. ಪ್ಯಾಕ್‌-ಮ್ಯಾನ್ ಪರದೆಗೆ ಅಗಲಕ್ಕಿಂತ ಎತ್ತರ ಹೆಚ್ಚು.