ಕಲಿಸುವವರ ಕಲಿಕೆ: ನಮ್ಮ ಭಾಗದ ಶಿಕ್ಷಕ ತರಬೇತಿಯ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಅವಳೂ ಸಿಂಧನೂರು ಪಟ್ಟಣದ ಶಾಲೆಯೊಂದರಲ್ಲಿ ಶಿಕ್ಷಕಿ. ಐದು ದಿನಗಳ ತರಬೇತಿಯೊಂದನ್ನು ಮುಗಿಸಿಕೊಂಡು ಬಂದಿದ್ದಳು. ಕ್ಷೇಮಸಮಾಚಾರವೆಲ್ಲ ಆದ ಮೇಲೆ, "ಸರ್, ಖರೇ ಹೇಳ್ರಿ, ನಿಮ್ಮ ಸರ್ವೀಸಿನಾಗ ಇಷ್ಟೊಂದು ಟ್ರೇನಿಂಗ್ ತಗೊಂಡ್ರಲ್ಲ, ಯಾವುದರ ಒಂದು ನಿಮಗ ಉಪಯೋಗಕ್ಕ ಬಂತೇನ್ರಿ?" ಎಂದು ಕೇಳಿದಳು. ನಾನು ನಕ್ಕು ಮಾತು ತೇಲಿಸಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. 1978ರಲ್ಲಿ ಸೇವೆಗೆ ಸೇರಿ 2014ರಲ್ಲಿ ನಿವೃತ್ತನಾದವನು ನಾನು. ತರಬೇತಿ ಪಡೆದವನೂ ಹೌದು, ಕೊಟ್ಟವನೂ ಹೌದು. ಅವಳಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಿನ ಸಂಗತಿ. ನಮ್ಮ ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಸರಕಾರದ ಭಾಷೆ ಉರ್ದು. ಮೇಲಿನ ತರಗತಿಗಳ ಕಲಿಕೆಯೂ ಉರ್ದುವಿನಲ್ಲಿಯೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. ಹಳ್ಳಿಗಳಲ್ಲಿ ಅಯ್ಯನವರ ಗಾಂವಠಿ ಶಾಲೆಗಳು ಅಕ್ಷರದ ದೀಪವನ್ನು ಆರದಂತೆ ಕಾಯ್ದವು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಬೇರೊಂದು ಬಗೆಯ ಶಿಕ್ಷಣದ ಮಾದರಿಯಾಗಿ ನಿಂತಿತು. ಅದೇ ಹೊತ್ತಿನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಸ್ಥಿತಿ ಬೇರೆಯಾಗಿತ್ತು. ಅಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಶಿಕ್ಷಕರನ್ನು ಸಿದ್ಧಗೊಳಿಸುವ ನಾರ್ಮಲ್ ಶಾಲೆ ಹುಟ್ಟಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಅದರ ಹಿಂದೆ ನಿಂತಿದ್ದರು. ಶಿಕ್ಷಕರಿಗಾಗಿಯೇ ಹೊರಡುವ 'ಜೀವನ ಶಿಕ್ಷಣ' ಮಾಸಪತ್ರಿಕೆಯೂ ಧಾರವಾಡದ್ದೇ. ನಮ್ಮ ಭಾಗಕ್ಕೆ ಅಂಥ ಪರಂಪರೆಯ ಆಸರೆ ಇರಲಿಲ್ಲ.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು. ನನಗೆ ಅಕ್ಷರ ಕಲಿಸಿದ ಗುರುಗಳು ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಕಲಿಸಬೇಕಾದವರು. ಮಗ್ಗಿಯನ್ನು ನಮಗೆ ಕನ್ನಡದಲ್ಲಿ ಹೇಳಿಸುತ್ತಿದ್ದರು. ತಾವು ಲೆಕ್ಕ ಮಾಡುವಾಗ ಮಾತ್ರ ತುಟಿಯೊಳಗೆ ಉರ್ದು ಅಂಕಿಗಳನ್ನು ಎಣಿಸುತ್ತಿದ್ದರು. ಆ ಪೀಳಿಗೆಯವರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದ್ದು ಬಹುಮಟ್ಟಿಗೆ ತಮ್ಮ ಸ್ವಂತ ಪರಿಶ್ರಮದಿಂದ. ನಮ್ಮ ಭಾಗದ ಮೊದಲ ಸೇವಾನಿರತ ತರಬೇತಿ ಅದೇ ಎಂದು ನಾನು ತಿಳಿದಿದ್ದೇನೆ. ಅದಕ್ಕೆ ಭತ್ಯೆಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ.

ನಾನು ಸೇವೆಗೆ ಸೇರಿದ ಮೊದಲ ಎಂಟು ವರ್ಷ ತರಬೇತಿ ಎಂಬ ಮಾತನ್ನೇ ಕೇಳಲಿಲ್ಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ ಸಾಹೇಬರು ಬರುತ್ತಿದ್ದರು, ಹಾಜರಿ ಪುಸ್ತಕ ನೋಡುತ್ತಿದ್ದರು, ಹೋಗುತ್ತಿದ್ದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಗಾಳಿ ಬದಲಾಯಿತು. ದೇಶದಾದ್ಯಂತ ಬೇಸಿಗೆ ರಜೆಯಲ್ಲಿ ಹತ್ತು ದಿನಗಳ ಸಾಮೂಹಿಕ ಪುನಶ್ಚೇತನ ಶಿಬಿರಗಳು ನಡೆದವು. ಮೇ ತಿಂಗಳ ಸಿಂಧನೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಸೂರಿನ ಕೆಳಗೆ ನಾವು ಮೇಷ್ಟರುಗಳೆಲ್ಲ ಮಕ್ಕಳಂತೆ ಕುಳಿತು, ಮಕ್ಕಳಂತೆಯೇ ಗಂಟೆಯ ದಾರಿ ಕಾಯ್ದೆವು. ಆ ಬಳಿಕ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಸ್ಥಾಪನೆಯಾಗತೊಡಗಿದವು. ನಮ್ಮದು ರಾಯಚೂರಿನ ಹತ್ತಿರದ ಯರಮರಸ್‌ನಲ್ಲಿ. ತರಬೇತಿಗೆಂದು ಒಂದು ಮನೆ ನಮ್ಮ ಜಿಲ್ಲೆಯಲ್ಲಿಯೇ ಆಯಿತು ಎಂಬುದು ಸಣ್ಣ ಮಾತಲ್ಲ.

ನಿಜವಾದ ಮಹಾಪೂರ ಬಂದದ್ದು 1994-95ರ ನಂತರ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ನಾವೆಲ್ಲ ಡಿ.ಪಿ.ಇ.ಪಿ. ಎನ್ನುತ್ತಿದ್ದುದು, ಕರ್ನಾಟಕದಲ್ಲಿ ಮೊದಲ ಹಂತದಲ್ಲಿ ನಾಲ್ಕು ಜಿಲ್ಲೆಗಳಿಗೆ ದೊರೆಯಿತು: ಬೆಳಗಾವಿ, ಕೋಲಾರ, ಮಂಡ್ಯ ಮತ್ತು ನಮ್ಮ ರಾಯಚೂರು. ಆಗ ಕೊಪ್ಪಳವೂ ನಮ್ಮ ಜಿಲ್ಲೆಯೊಳಗೇ ಇತ್ತು. ಅದು ಬೇರೆಯಾದದ್ದು 1997ರಲ್ಲಿ. ತಾಲ್ಲೂಕಿಗೆ ಬಿ.ಆರ್.ಸಿ., ಹತ್ತಾರು ಶಾಲೆಗಳಿಗೊಂದು ಸಿ.ಆರ್.ಸಿ. ಬಂದವು. ಹಾಡು, ಆಟ, ಚಿತ್ರಪಟ, ಮಿಂಚುಪಟ್ಟಿ ಎಲ್ಲವೂ ಬಂದವು. ಬೆತ್ತ ಹಿಡಿದ ಕೈಗಳು ಚಪ್ಪಾಳೆ ತಟ್ಟಲು ಕಲಿತವು. ನನ್ನನ್ನು ಸಂಪನ್ಮೂಲ ವ್ಯಕ್ತಿಯೆಂದು ಆರಿಸಿದರು. ಬಹಳ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ?

ಈ ಹೆಮ್ಮೆಯ ದಿನಗಳಲ್ಲಿಯೇ ನಾನು ಮರೆಯಲಾಗದ ಒಂದು ಘಟನೆ ನಡೆಯಿತು.

ನಮ್ಮ ತಾಲ್ಲೂಕಿನ ಸ್ವರೂಪವನ್ನು ದೂರದ ಬಂಧುಗಳಿಗಾಗಿ ಸ್ವಲ್ಪ ಹೇಳಬೇಕು. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ನೆಲೆಸಿದರು. ಗೊರೇಬಾಳದ ಸುತ್ತಲೂ ಕ್ಯಾಂಪುಗಳು ಹುಟ್ಟಿದವು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಅವೇ ಇಂದಿನ ಆರ್.ಎಚ್. ಕ್ಯಾಂಪುಗಳು. ಹೀಗಾಗಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಆಡುವ ಮಕ್ಕಳು ನಮ್ಮ ತಾಲ್ಲೂಕಿನ ಶಾಲೆಗಳಿಗೆ ಬರುತ್ತಾರೆ.

ಒಂದು ತರಬೇತಿಯಲ್ಲಿ ನಾನು ಚಿತ್ರಪಟ ಹಿಡಿದು 'ಮರ' ಎಂಬ ಪದ ಕಲಿಸುವ ವಿಧಾನವನ್ನು ತೋರಿಸುತ್ತಿದ್ದೆ. ಕ್ಯಾಂಪಿನ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತು, "ಗುರುಗಳ, ನಮ್ಮ ಹುಡುಗ್ರು ಇದನ್ನ ಗಾಛ್ ಅಂತಾರ್ರಿ. ತೆಲುಗು ಮಂದಿ ಹುಡುಗ್ರು ಚೆಟ್ಟು ಅಂತಾರ. ನಮ್ಮ ಕನ್ನಡದ ಹುಡುಗ್ರೂ ಗಿಡ ಅಂತಾರ ಹೊರತು ಮರ ಅನ್ನಂಗಿಲ್ಲ. ನಾ ಎಲ್ಲಿಂದ ಚಾಲೂ ಮಾಡ್ಲಿ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಮಾಡ್ಯೂಲಿನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. "ಮಾಡ್ಯೂಲಿನಾಗ ಹ್ಯಾಂಗ ಐತೋ ಹಂಗ ಮಾಡ್ರಿ ಸರ್" ಎಂದು ಹೇಳಿ ಕೂಡಿಸಿದೆ. ಅವರು ಸುಮ್ಮನೆ ಕುಳಿತರು. ಉಳಿದ ದಿನಗಳಲ್ಲಿ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮರುವರ್ಷ ನನ್ನದೇ ತರಗತಿಯಲ್ಲಿ ತೆಲುಗು ಮನೆಯ ಒಬ್ಬ ಹುಡುಗಿ ಇದ್ದಳು. ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ನಾನು ದಾಖಲೆಯಲ್ಲಿ 'ಮಂದಗತಿಯ ಕಲಿಕೆ' ಎಂದು ಬರೆದುಬಿಟ್ಟೆ. ಒಂದು ದಿನ ಮಧ್ಯಾಹ್ನ ಅವಳು ತನ್ನ ತಮ್ಮನಿಗೆ ಬೇವಿನ ಗಿಡದ ಕೆಳಗೆ ಕಥೆ ಹೇಳುತ್ತಿದ್ದುದನ್ನು ಕೇಳಿದೆ. ಕೈಸನ್ನೆ, ಧ್ವನಿಯ ಏರಿಳಿತ, ನಡುವೆ ನಗು. ಅಂಥ ಕಥೆಯನ್ನು ನಾನು ಯಾವ ತರಬೇತಿಯಲ್ಲಿಯೂ ಕೇಳಿರಲಿಲ್ಲ. ಮಂದವಾಗಿದ್ದವನು ಯಾರೆಂಬುದು ಅಂದು ತಿಳಿಯಿತು. ಆ ಹಿರಿಯ ಶಿಕ್ಷಕರ ಪ್ರಶ್ನೆ ನೆನಪಾಗಿ ತಲೆ ತಗ್ಗಿತು.

ಮಸ್ಕಿಯ ಅಶೋಕನ ಶಾಸನ ನಿಮಗೆಲ್ಲ ಗೊತ್ತು. ನಿಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದೆನಲ್ಲ! 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಬೆಳಕಿಗೆ ತಂದ, ಅಶೋಕನ ಹೆಸರನ್ನೇ ಹೊತ್ತ ಶಾಸನವದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅದೇ ಬಗೆಯ ಶಾಸನದಲ್ಲಿ ಆಜ್ಞೆ ಹೇಗೆ ಇಳಿದುಬಂತು ಎಂಬುದೂ ಇದೆ: ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ. ಭಾಷೆ ಪ್ರಾಕೃತ, ಕೇಳಬೇಕಾದವರು ಈ ನೆಲದ ಜನ. ಮೇಲಿನಿಂದ ಹಂತಹಂತವಾಗಿ ಇಳಿಯುವ ಮಾತು, ಕೇಳುವವನ ಭಾಷೆಯಲ್ಲದ ಭಾಷೆ. ನಮ್ಮ ತರಬೇತಿಯೂ ಹಾಗೆಯೇ ಇತ್ತು. ಬೆಂಗಳೂರಿನಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯವರಿಗೆ, ಅವರಿಂದ ತಾಲ್ಲೂಕಿನವರಿಗೆ, ಕೊನೆಗೆ ನಮಗೆ. ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ಹರಿದರೂ ಕೊನೆಯ ಭಾಗದ ರೈತ ಗೇಟಿನ ಕಡೆ ನೋಡುತ್ತ ಕೂಡುತ್ತಾನೆ. ನಮ್ಮಲ್ಲಿ ಕೊನೆಯ ಭಾಗದಲ್ಲಿ ಕುಳಿತಿದ್ದುದು ಶಿಕ್ಷಕನೂ ಅಲ್ಲ, ಆ ಹುಡುಗಿ.

ಉಪಾಯ ಹೊಳೆದದ್ದು ದೊಡ್ಡ ತರಬೇತಿಯಲ್ಲಿ ಅಲ್ಲ, ತಿಂಗಳಿಗೊಮ್ಮೆ ಸೇರುತ್ತಿದ್ದ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ. ನಾನು ಆ ಹಿರಿಯರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ನಕ್ಕು, "ಹೋಗ್ಲಿ ಬಿಡ್ರಿ, ಈಗ ಕೂಡಿ ಮಾಡೋಣು" ಎಂದರು. ಕ್ಯಾಂಪಿನ ಶಾಲೆಗಳ ಅನುಭವವಿದ್ದವರನ್ನೆಲ್ಲ ಕೂಡಿಸಿಕೊಂಡು ನಾವು ಒಂದು ಪದಪಟ್ಟಿ ಮಾಡಿದೆವು. ನೀರು, ನೀಳ್ಳು, ಪಾನಿ, ಜಲ್. ಮನೆ, ಇಲ್ಲು, ಘರ್, ಬಾಡಿ. ಬಂಗಾಳಿಯ 'ಜಲ್' ನಮ್ಮ 'ಜಲ'ವೇ ಎಂದು ತಿಳಿದಾಗ ಮೇಷ್ಟರುಗಳೇ ಮಕ್ಕಳಂತೆ ಬೆರಗಾದರು. ಮೊದಲ ಮೂರು ತಿಂಗಳು ಮಗು ತನ್ನ ಮಾತಿನಲ್ಲಿಯೇ ಕಥೆ ಹೇಳಲಿ, ಕನ್ನಡವನ್ನು ಅದರ ಪಕ್ಕದಲ್ಲಿ ಕೂಡಿಸೋಣ ಎಂದು ನಿರ್ಧರಿಸಿದೆವು. ಆ ಹುಡುಗಿ ಬೇಸಿಗೆಯ ಹೊತ್ತಿಗೆ ಕನ್ನಡ ಓದತೊಡಗಿದಳು. ಎಲ್ಲ ಮಕ್ಕಳೂ ಓದಿದರೆಂದು ಹೇಳಲಾರೆ. ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ಖಾಲಿಯಾಗುತ್ತಿದ್ದ ಬೆಂಚುಗಳಿಗೆ ನಮ್ಮ ಪಟ್ಟಿಯಲ್ಲಿ ಮದ್ದಿರಲಿಲ್ಲ.

ಮುಂದೆ ಎಷ್ಟೋ ಬಂದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ನನಗೆ ಮೆಚ್ಚುಗೆಯಾದದ್ದು. ಆಂಧ್ರದ ರಿಷಿವ್ಯಾಲಿಯನ್ನು ನೋಡಿ ಬಂದ ಶಿಕ್ಷಕರು ತಾವೇ ಕುಳಿತು ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದರು. ಅದು ಕೆಳಗಿನಿಂದ ಮೇಲಕ್ಕೆ ಏರಿದ ನೀರು. 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂದಾಗ ಅದೂ ಮೇಲಿನಿಂದ ಇಳಿಯುವ ಆದೇಶವಾಯಿತು. ಕಾರ್ಡು ಅದೇ, ಮಾಡಿದ ಕೈಯ ಬಿಸಿ ಮಾತ್ರ ಸ್ವಲ್ಪ ಆರಿತ್ತು. ನಾನು ನಿವೃತ್ತನಾದ ಮೇಲೆ ಶಿಕ್ಷಕರೇ ವಿಷಯ ಆರಿಸಿಕೊಳ್ಳುವ 'ಗುರುಚೇತನ' ಬಂತು. 2019ರಲ್ಲಿ ಕೇಂದ್ರದ 'ನಿಷ್ಠಾ' ಆರಂಭವಾಗಿ, ಕೊರೋನಾ ಕಾಲದಲ್ಲಿ 'ದೀಕ್ಷಾ' ವೇದಿಕೆಯ ಮೂಲಕ ಮೊಬೈಲಿಗೇ ಬಂತು. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆಯಲ್ಲಿ ತೊಡಗಬೇಕೆನ್ನುತ್ತದೆ. ಗಂಟೆ ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಹಿಂದಿನ ಸಾಲಿನ ಶಿಕ್ಷಕ ಎದ್ದು ಪ್ರಶ್ನೆ ಕೇಳಿದನೇ, ಕೇಳಿದಾಗ ಯಾರಾದರೂ ಕಿವಿಗೊಟ್ಟರೇ ಎಂಬುದನ್ನು ಯಾವ ವಹಿಯೂ ಬರೆದಿಡುವುದಿಲ್ಲ.

ಹಾಗಾದರೆ ನಿನ್ನ ಪ್ರಶ್ನೆಗೆ ನನ್ನ ಉತ್ತರವೇನು, ತಾಯಿ? ತರಬೇತಿಗಳು ವ್ಯರ್ಥವಲ್ಲ. ಬೆತ್ತವನ್ನು ಕೆಳಗಿಡಲು, ನೆಲದ ಮೇಲೆ ಮಕ್ಕಳ ಸಮಕ್ಕೆ ಕೂಡಲು ಅವೇ ನನಗೆ ಕಲಿಸಿದವು. ಆ ಋಣ ದೊಡ್ಡದು. ಆದರೆ ನನ್ನನ್ನು ಶಿಕ್ಷಕನನ್ನಾಗಿ ಮಾಡಿದ್ದು ನಾನು ಕೂಡಿಸಿದ ಒಬ್ಬ ಹಿರಿಯರ ಪ್ರಶ್ನೆ, ಬೇವಿನ ಗಿಡದ ಕೆಳಗೆ ಕೇಳಿದ ಒಂದು ಕಥೆ. ಮುಂದಿನ ತರಬೇತಿಗೆ ಹೋಗುವಾಗ ನಿನ್ನ ತರಗತಿಯ ಒಂದು ಮಗುವಿನ ತೊಡಕನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ಉತ್ತರ ಸಿಗದಿದ್ದರೂ ಪ್ರಶ್ನೆಯನ್ನು ಕೇಳಿಯೇ ಬಾ. ಯಾರಾದರೂ ಕೂಡಿಸಿದರೆ, ಊಟದ ಬಿಡುವಿನಲ್ಲಿ ಮತ್ತೆ ಕೇಳು.

ಆ ಹಿರಿಯ ಶಿಕ್ಷಕರು ಇಂದು ಇಲ್ಲ. ಅವರು ಬರೆದ ಪದಪಟ್ಟಿಯ ಒಂದು ಹಾಳೆ ನನ್ನ ಟ್ರಂಕಿನಲ್ಲಿದೆ; ಶಾಯಿ ಮಾಸಿದೆ, ಓದಲು ಬರುತ್ತದೆ. ಗೊರೇಬಾಳದ ಕಡೆ ಬಂದವರು ಮನೆಗೆ ಬನ್ನಿ, ತೋರಿಸುತ್ತೇನೆ.