ದೀಪದ ಕಣ್ಣಿಗೆ ಪೊರೆ

"ಪೊರೆ ಗಿರೆ ಏನೂ ಇಲ್ಲಮ್ಮ, ಕನ್ನಡಕದ ನಂಬರೂ ಬದಲಾಗಿಲ್ಲ" ಎಂದು ಕಣ್ಣಿನ ಡಾಕ್ಟರು ಹೇಳಿದಾಗ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಭಯವೇ ಆಯಿತು. ಹಿಂದಿನ ವಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕಾರು ಓಡಿಸಿಕೊಂಡು ಬರುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ, ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ಮುದುಕರೊಬ್ಬರು ತೀರ ಹತ್ತಿರ ಬಂದಾಗಷ್ಟೇ ಕಂಡರು. ಹೇಗೋ ಬ್ರೇಕು ಹಿಡಿಯಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ ದೇವರ ಹೆಸರು ಹೇಳುತ್ತಲೇ ಊರು ಸೇರಿದರು. ನನ್ನ ಕಣ್ಣು ಸರಿಯಿದ್ದರೆ ಆತ ನನಗೇಕೆ ಕಾಣಲಿಲ್ಲ?

ಪೊರೆ ಬಂದಿದ್ದು ಕಾರಿಗೆ. ಆಸ್ಪತ್ರೆಯಿಂದ ಹೊರಬಂದು ಬಿಸಿಲಲ್ಲಿ ಅದರ ಎದುರು ನಿಂತಾಗ ಕಂಡಿತು. ಹೆಡ್‌ಲೈಟಿನ ಮುಚ್ಚಳ ಗಂಜಿತಿಳಿಯ ಹಾಗೆ ಮಬ್ಬಾಗಿತ್ತು, ಮೇಲ್ಭಾಗಕ್ಕೆ ಅರಿಸಿನ ಬಳಿದಂತಿತ್ತು. ದಿನಾ ಕಾರು ಒರೆಸುವವಳು ನಾನೇ. ಆದರೂ ನೋಡಿರಲಿಲ್ಲ.

ನಮ್ಮಪ್ಪನ ಅಂಬಾಸಿಡರಿಗೆ ಈ ಕಾಯಿಲೆ ಇರಲಿಲ್ಲ. ಅದರ ದೀಪಕ್ಕೆ ದುಂಡನೆಯ ದಪ್ಪ ಗಾಜು. ಒದ್ದೆ ಪೇಪರಿನಲ್ಲಿ ಒರೆಸಿದರೆ ಮುಗಿಯಿತು. ಅಮೆರಿಕದಲ್ಲಂತೂ 1940ರಿಂದ ಎಲ್ಲ ಕಾರುಗಳಿಗೂ ಒಂದೇ ಅಳತೆಯ, ಏಳು ಇಂಚಿನ ದುಂಡು ದೀಪ. ಬಲ್ಬು, ಒಳಗಿನ ಕನ್ನಡಿ, ಮುಂದಿನ ಗಾಜು ಮೂರನ್ನೂ ಸೇರಿಸಿ ಮುಚ್ಚಿಬಿಟ್ಟ ಇದಕ್ಕೆ 'ಸೀಲ್ಡ್ ಬೀಮ್' ಎಂದು ಹೆಸರು. ತಂತಿ ಸುಟ್ಟರೆ ಇಡೀ ದೀಪವನ್ನೇ ಎಸೆದು ಹೊಸದು ಹಾಕಬೇಕು. ದುಂದುವೆಚ್ಚವೆನ್ನಿ. ಆದರೆ ಬಲ್ಬು ಹೋದಾಗಲೆಲ್ಲ ಗಾಜೂ ಹೊಸದಾಗುತ್ತಿತ್ತು. ಕಾರಿಗೆ ಮುಪ್ಪು ಬಂದರೂ ಕಣ್ಣಿಗೆ ಬರುತ್ತಿರಲಿಲ್ಲ.

ಗಾಜಿನ ಜಾಗಕ್ಕೆ ಬಂದದ್ದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಹಿಡಿದರು. ಗಾಜಿನ ಅರ್ಧದಷ್ಟು ತೂಕವಿಲ್ಲ, ಕಲ್ಲು ಸಿಡಿದರೆ ಚೂರಾಗುವುದಿಲ್ಲ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಫೋರ್ಡ್ ಕಂಪನಿ ಕೇಳಿಕೊಂಡ ಮೇಲೆ, ಬಲ್ಬು ಮಾತ್ರ ಬದಲಿಸುವ ದೀಪಗಳಿಗೆ 1983ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. 1984ರ ಲಿಂಕನ್ ಮಾರ್ಕ್ ಸೆವೆನ್ ಕಾರು ಅಂಥ ದೀಪ ಹೊತ್ತು ಬಂತು. ಅಲ್ಲಿಂದ ಕಾರಿನ ಮುಖಕ್ಕೆ ತಕ್ಕ ಕಣ್ಣು. ಬಲ್ಬು ಹೊಸದಾಗುತ್ತದೆ, ಮುಚ್ಚಳ ಮಾತ್ರ ಕಾರಿನ ಜೊತೆಗೇ ಮುದಿಯಾಗುತ್ತದೆ. ಈ ಅದಲುಬದಲು ನನಗೆ ಅಷ್ಟೇನೂ ಲಾಭದ್ದೆನಿಸಿಲ್ಲ.

ಪಾಲಿಕಾರ್ಬೊನೇಟಿಗೆ ಬಿಸಿಲಾಗದು. ಸೂರ್ಯನ ಅತಿನೇರಳೆ ಕಿರಣ ಬಿದ್ದು ಹಳದಿಯಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ಪಾರದರ್ಶಕ ಲೇಪ ಕೊಟ್ಟಿರುತ್ತಾರೆ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಇದ್ದಂತೆ. ಧೂಳಿನ ಮೇಲೆ ಒಣಬಟ್ಟೆ ಆಡಿಸಿ ಆ ಕಲಾಯಿಯನ್ನು ಸವೆಸುವುದರಲ್ಲಿ ನನ್ನ ಕೈಯೂ ಇತ್ತು. ಮಬ್ಬಾದ ದೀಪ ಹೊಸ ದೀಪದ ಐದನೇ ಒಂದು ಪಾಲು ಬೆಳಕನ್ನಷ್ಟೇ ಕೊಡುತ್ತದೆಂದು ಅಮೆರಿಕದ ವಾಹನ ಮಾಲೀಕರ ಸಂಘ 2018ರಲ್ಲಿ ಪರೀಕ್ಷಿಸಿ ಹೇಳಿತು. ಓದಿದಾಗ ಆ ಕಂಬಳಿ ನೆನಪಾಯಿತು.

ಮೆಕ್ಯಾನಿಕ್ ಒಬ್ಬ ಹೇಳಿದನೆಂದು ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಫಳಫಳ ಹೊಳೆಯಿತು. ಒಂದು ಮಳೆಗಾಲ ಕಳೆಯುವುದರೊಳಗೆ ಮತ್ತೆ ಮಬ್ಬು. ಹುಣಸೆಹಣ್ಣು ಹಾಕಿ ಉಜ್ಜಿದ ಮಾತ್ರಕ್ಕೆ ಕಲಾಯಿ ಬರುವುದುಂಟೆ? ಉಳಿದಿದ್ದ ಚೂರುಪಾರು ಲೇಪವನ್ನೂ ನಾನೇ ತೆಗೆದುಹಾಕಿದ್ದೆ.

ಕೊನೆಗೆ ಗ್ಯಾರೇಜಿನ ಪೇಂಟರ್ ಹುಡುಗನ ಹತ್ತಿರ ಹೋದೆ. ಸುತ್ತ ಬಣ್ಣಕ್ಕೆ ತಾಗದಂತೆ ಟೇಪು ಅಂಟಿಸಿ, ನೀರು ಬಿಡುತ್ತಾ 600 ನಂಬರಿನ ವಾಟರ್ ಪೇಪರಿನಿಂದ ಉಜ್ಜತೊಡಗಿದ. ಹಳದಿ ಹಾಲು ಇಳಿಯಿತು. ದೀಪ ಮೊದಲಿಗಿಂತ ಕುರುಡಾದದ್ದು ನೋಡಿ ನನ್ನ ಎದೆ ಧಸಕ್ಕೆಂದಿತು. "ಸ್ವಲ್ಪ ತಡೀರಿ ಅಕ್ಕಾ" ಎಂದ. ಆಮೇಲೆ 1000, ಆಮೇಲೆ 2000, ಒಂದಕ್ಕಿಂತ ಒಂದು ನಯವಾದ ಕಾಗದ, ಕೊನೆಗೆ ಪಾಲಿಶ್. ತೊಳೆದು ಒಣಗಿಸಿ, ಬಿಸಿಲು ತಡೆಯುವ ಬಣ್ಣವಿಲ್ಲದ ಲೇಪ ಹೊಡೆದ. ನೋಡಲು ಏನೂ ಹಚ್ಚಿದಂತೆಯೇ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಈಗ ಕಾರನ್ನು ಮುಖ ಗೋಡೆಯ ನೆರಳಿಗೆ ಬರುವಂತೆ ನಿಲ್ಲಿಸುತ್ತೇನೆ, ನೀರು ಸುರಿಯದೆ ಬಟ್ಟೆ ಮುಟ್ಟಿಸುವುದಿಲ್ಲ. ಮೊನ್ನೆ ರಾತ್ರಿ ಮತ್ತೆ ಅದೇ ದಾರಿಯಲ್ಲಿ ಬಂದೆವು. ಮಂಡಗದ್ದೆ ದಾಟುತ್ತಿದ್ದಂತೆ ಅತ್ತೆ ಮುಂದಕ್ಕೆ ಬಾಗಿ, "ಆ ಮುದುಕ ಇಲ್ಲೇ ಅಲ್ಲವೇನೇ ಇದ್ದದ್ದು?" ಎಂದರು. ದೂರದ ಮೈಲಿಗಲ್ಲಿನ ಅಂಕಿ ಕಾಣುತ್ತಿತ್ತು. ಆದರೂ ಗೇರು ಇಳಿಸಿದೆ.